ದೊಡ್ಡವ್ವನ ಚಂಚಿ ಮತ್ತು ಹಾಡಿನ ಫೋನು

ಹಳಿಯಾಳದ ಪೇಟೆಯಲ್ಲಿ ಒಂದು ಮೊಬೈಲ್ ಅಂಗಡಿಯ ಕೌಂಟರಿನ ಹಿಂದೆ ಏಳು ವರ್ಷದಿಂದ ನಿಂತಿದ್ದೇನೆ. ಇಷ್ಟು ವರ್ಷ ನಿಂತರೆ ಕಾಲಿಗೆ ಏನಾಗುತ್ತದೋ ಬೇರೆ ಮಾತು, ನಾಲಿಗೆಗೆ ಮಾತ್ರ ಒಂದು ಚಟ ಅಂಟಿಕೊಳ್ಳುತ್ತದೆ. ಯಾರಾದರೂ ಫೋನಿನ ಒಂದು ಬಟನ್ ತೋರಿಸಿ ಇದೇನು ಎಂದು ಕೇಳಿದರೆ ಸಾಕು, ಉಳಿದ ಬಟನ್‌ಗಳ ಜಾತಕವನ್ನೂ ಒದರಿಬಿಡುತ್ತೇನೆ. ಅದರ ಒಳ್ಳೆಯದು, ಕೆಟ್ಟದ್ದು, ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು, ಎಲ್ಲ. ಕೆಟ್ಟದ್ದು ಹೇಳಲು ಶುರು ಮಾಡಿದಾಗ ನಮ್ಮ ಮಾಲೀಕರು ಒಳಗಿನಿಂದ ಕೆಮ್ಮುತ್ತಾರೆ. ನಾನು ನಿಲ್ಲಿಸುವುದಿಲ್ಲ.

ಎಲ್ಲರ ಕೈಗೂ ಟಚ್ ಫೋನು ಬಂದಮೇಲೂ ನಮ್ಮ ಅಂಗಡಿಯ ಕೆಳಗಿನ ಕಪಾಟಿನಲ್ಲಿ ಬಟನ್ ಫೋನುಗಳ ಒಂದು ಸಾಲು ಇದ್ದೇ ಇದೆ. ಅದರಲ್ಲೊಂದು ಹಾಡಿನ ಫೋನು. ಅದನ್ನು ಮಾಡಿದವರು ಹಾಡಿನ ಡಬ್ಬಿ ಮಾಡಲು ಕೂತು, ಕೊನೆಗೆ ನೆನಪಾಗಿ ಸಿಮ್ಮಿಗೊಂದು ಜಾಗ ಬಿಟ್ಟಿರಬೇಕು. ಬೆನ್ನಿಗೆ ಎರಡು ಸ್ಪೀಕರು. ಎಡ ಪಕ್ಕದಲ್ಲಿ ಹೆಬ್ಬೆರಳಿನಗಲ ಕೆಂಪು ಬಟನ್. ಆ ಬಟನ್ನೇ ಅದರ ಜೀವ. ಫೋನು ಲಾಕ್ ಆಗಿರಲಿ, ಚೀಲದ ತಳದಲ್ಲಿರಲಿ, ಒಮ್ಮೆ ಒತ್ತಿದರೆ ಹಾಡು ಶುರು. ಮತ್ತೊಮ್ಮೆ ಒತ್ತಿದರೆ ಮುಂದಿನ ಹಾಡು. ಒತ್ತಿ ಹಿಡಿದರೆ ಅದೇ ಹಾಡು ಮೊದಲಿನಿಂದ. ಕಣ್ಣಿನ ಕೆಲಸವೇ ಇಲ್ಲ. ನಕ್ಷತ್ರದ ಬಟನ್ ಒತ್ತಿ ಹಿಡಿದರೆ ಎದುರಿನ ಮಾತು ರೆಕಾರ್ಡ್ ಆಗುತ್ತದೆ. ಆದರೆ ಅದು ಕಾರ್ಡಿನ ಬೇರೆ ಜಾಗದಲ್ಲಿ ಕೂರುತ್ತದೆ, ನಾವಾಗಿ ಹಾಡಿನ ಸಾಲಿಗೆ ಸೇರಿಸುವ ತನಕ ಕೆಂಪು ಬಟನ್ನಿಗೆ ಸಿಗುವುದಿಲ್ಲ.

ದೋಷಗಳೂ ಇವೆ. ಸ್ಪೀಕರು ಬೆನ್ನಿಗಿರುವುದರಿಂದ ಸರಿಯಾಗಿ ಇಟ್ಟರೆ ಹಾಡು ನೆಲಕ್ಕೆ ಕೇಳುತ್ತದೆ, ನಮಗಲ್ಲ. ಬೋರಲು ಇಟ್ಟರೆ ನಮಗೆ ಕೇಳುತ್ತದೆ, ಪರದೆ ಕಾಣುವುದಿಲ್ಲ. ಇಯರ್‌ಫೋನಿನ ವೈರು ಚುಚ್ಚದಿದ್ದರೆ ರೇಡಿಯೋ ಬಾಯಿ ಬಿಡುವುದಿಲ್ಲ, ಏಕೆಂದರೆ ಆ ವೈರೇ ಅದರ ಏರಿಯಲ್. ಮೆಲ್ಲಗೆ ಹಾಡು ಎಂದರೆ ಅದಕ್ಕೆ ತಿಳಿಯುವುದಿಲ್ಲ. ಮೌಳಂಗಿಯ ಹೊಳೆದಂಡೆಗೆ ಪಿಕ್ನಿಕ್ಕಿಗೆ ಬರುವವರ ಸ್ಪೀಕರಿನ ಜೊತೆ ಜಗಳಕ್ಕೆ ನಿಲ್ಲುವಷ್ಟು ಗಂಟಲು ಅದಕ್ಕೆ.

ಇಂಥ ಗಂಟಲು ಮೊದಲು ನಮ್ಮ ದೊಡ್ಡವ್ವನಿಗಿತ್ತು. ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಸಾಂಬ್ರಾಣಿಯ ಕಡೆ ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪಿಗೆ ಆಕೆಯೇ ಮುಂದಾಳು. ಬದುವಿಗೆ ಹತ್ತಿಕೊಂಡ ಮೂಲೆಯಲ್ಲಿ ಆಕೆ ನಿಲ್ಲುತ್ತಾಳೆ, ಹತ್ತು ಹನ್ನೆರಡು ಜನ ಸಾಲಾಗಿ ಬಗ್ಗುತ್ತಾರೆ. ಆಕೆ ಒಂದು ಸಾಲು ಹಾಡುತ್ತಾಳೆ, ಉಳಿದವರು ಅದನ್ನೇ ತಿರುಗಿ ಹಾಡುತ್ತಾರೆ, ಸಾಲು ಮುಗಿಯುವಷ್ಟರಲ್ಲಿ ಸಸಿ ಕೆಸರಿಗೆ, ಕಾಲು ಹಿಂದಕ್ಕೆ. ಹಗ್ಗ ಹಿಡಿಯದೆ ಗದ್ದೆ ನೆಟ್ಟಗೆ ಬರುತ್ತಿದ್ದದ್ದು ಆಕೆಯ ಹಾಡಿನಿಂದ.

ಆ ಹಾಡುಗಳು ಯಾವ ಪುಸ್ತಕದಲ್ಲೂ ಇಲ್ಲ. ತಳದಲ್ಲಿ ಆಕೆಯ ಅತ್ತೆಯಿಂದ ಬಂದ ಹತ್ತಿಪ್ಪತ್ತು ಹಾಡು, ಮೇಲೆ ಆ ಹೊತ್ತಿಗೆ ಕಟ್ಟಿದ ಒಗ್ಗರಣೆ. ದಾರಿಯಲ್ಲಿ ಹೋಗುವವರು ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಗದ್ದೆಯ ಸಾವಕಾರರು ಬದುವಿನ ಮೇಲೆ ಬಂದು ನಿಂತರೆ ಆಕೆ ತಲೆ ಎತ್ತದೆ ಶುರು ಮಾಡುತ್ತಿದ್ದಳು.

ಬದುವಿನ ಮ್ಯಾಲೆ ನಿಂತಾನ, ಛತ್ರಿ ಹಿಡಿದಾನ
ಕೆಸರು ಕಂಡರ ಕಾಲ ಮಡಚ್ಯಾನ

ಹನ್ನೆರಡು ಜನ ಇದನ್ನೇ ಎತ್ತಿ ಹಾಡಿದಮೇಲೆ ಸಾವಕಾರರು ಛತ್ರಿ ಮಡಚಿ ಮಳೆಯಲ್ಲಿ ನೆನೆದುಕೊಂಡು ಮನೆಗೆ ಹೋಗುತ್ತಿದ್ದರು.

ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲಕ್ಕೆ ದೊಡ್ಡವ್ವನ ಗಂಟಲು ಕೂತಿತು. ಮೊದಲ ಒಂದು ತಾಸು ಚೆನ್ನಾಗಿರುತ್ತಿತ್ತು, ಆಮೇಲೆ ದನಿ ಒಡೆಯುತ್ತಿತ್ತು. ಹಳಿಯಾಳದ ಡಾಕ್ಟರರು ಗಂಟಲಿಗೆ ವಿಶ್ರಾಂತಿ ಕೊಡಬೇಕು, ತಂಬಾಕು ಬಿಡಬೇಕು ಎಂದರು. ಎರಡಕ್ಕೂ ಆಕೆ ತಲೆಯಾಡಿಸಿ, ಆಸ್ಪತ್ರೆಯ ಮೆಟ್ಟಿಲಿಳಿಯುವ ಮೊದಲೇ ಎಲೆ ಅಡಿಕೆಯ ಚಂಚಿ ಬಿಚ್ಚಿದಳು. ನನಗೆ ಹೆದರಿಕೆಯಾಯಿತು. ಹಾಡದಿದ್ದರೆ ಮೂಲೆ ಹೋಗುತ್ತದೆ. ಮೂಲೆ ಹೋದರೆ ದೊಡ್ಡವ್ವ ಹನ್ನೆರಡರಲ್ಲಿ ಒಬ್ಬಳಾಗಿ ನಡುವೆ ಬಗ್ಗಬೇಕು. ಹಾಗೆ ಬಗ್ಗುವ ಜಾತಿಯ ಹೆಂಗಸಲ್ಲ ಆಕೆ, ಮನೆಯಲ್ಲಿ ಕೂತು ಕೊರಗಿಯೇ ಹೋಗುತ್ತಾಳೆ ಎಂದು ನನಗೆ ಗೊತ್ತಿತ್ತು.

ಅದಕ್ಕೇ ಆ ಫೋನು ತಂದೆ. ಅಂಗಡಿಗೆ ರಜೆ ಹಾಕಿ, ಸಸಿಯ ಕಟ್ಟು ಹೊರುವ ನೆಪದಲ್ಲಿ ಗದ್ದೆಗೆ ಹೋದೆ. ಎರಡು ದಿನ ಮುಂಜಾನೆ ಫೋನನ್ನು ಉಡಿಯಲ್ಲಿಟ್ಟುಕೊಂಡು ಆಕೆಯ ಹಿಂದೆ ಬದುವಿನ ಮೇಲೆ ಓಡಾಡಿದೆ, ನಕ್ಷತ್ರದ ಬಟನ್ ಒತ್ತಿ ಹಿಡಿದೆ. ಒಳ್ಳೆಯ ದನಿಯ ಎರಡು ತಾಸು ಕಾರ್ಡಿಗೆ ಇಳಿಯಿತು. ನಾಟಿಯ ಕೊನೆಯ ದಿನ, ಸಾವಕಾರರ ದೊಡ್ಡ ಗದ್ದೆಯಲ್ಲಿ, ಆಕೆಯ ದನಿ ಒಡೆದ ಹೊತ್ತಿಗೆ ಕೆಂಪು ಬಟನ್ ಒತ್ತಿ ಆಕೆಯ ಹಾಡನ್ನೇ ಆಕೆಗೆ ಕೇಳಿಸಬೇಕು. ಆಕೆ ಬಾಯಿ ತೆರೆದು ನಿಂತದ್ದನ್ನು ನೋಡಿ ನಾನು ಬದುವಿನ ಮೇಲೆ ಕೂತು ನಗಬೇಕು. ಅದಕ್ಕಾಗಿ ಯಾರಿಗೂ ಹೇಳಲಿಲ್ಲ. ಊರಿಗೆಲ್ಲ ಎಲ್ಲವನ್ನೂ ಹೇಳುವ ನಾನು ಜನ್ಮದಲ್ಲಿ ಒಂದು ಸಂಗತಿ ಬಾಯಿಮುಚ್ಚಿ ಇಟ್ಟುಕೊಂಡದ್ದು ಅದೇ ಮೊದಲು. ಇನ್ನೊಂದು ಪ್ರತಿ ತೆಗೆದಿಡಿ ಎಂದು ಗಿರಾಕಿಗಳಿಗೆ ದಿನಕ್ಕೆ ನಾಲ್ಕು ಸಲ ಬೋಧಿಸುವವಳಾದ ನಾನು, ಅದನ್ನು ಮಾತ್ರ ಅಂಗಡಿಯ ಕಂಪ್ಯೂಟರಿಗೆ ಹಾಕಲು ದಿನವೂ ಮರೆತೆ.

ಮೂರನೆಯ ದಿನ ಗದ್ದೆಯಲ್ಲಿ ನನ್ನ ಕೈಯಲ್ಲಿ ಫೋನು ಕಂಡದ್ದೇ ಗುಂಪಿನ ಎಳೆಯರು ಮುತ್ತಿಕೊಂಡರು. ಅವರ ಟಚ್ ಫೋನುಗಳು ಗದ್ದೆಗೆ ಬಂದರೆ ಮನೆಯ ಬೆಕ್ಕಿನ ಹಾಗೆ ಮುದುಡುತ್ತಿದ್ದವು; ಒದ್ದೆ ಬೆರಳಿಗೆ ಓಗೊಡುತ್ತಿರಲಿಲ್ಲ, ಮಳೆಹನಿ ಬಿದ್ದರೆ ಮಾತ್ರ ತಾವಾಗಿಯೇ ಯಾರಿಗೋ ಕರೆ ಮಾಡುತ್ತಿದ್ದವು. ಈ ಫೋನಿಗೆ ಅಂಥ ಮಡಿವಂತಿಕೆ ಇರಲಿಲ್ಲ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಸ್ಟೀಲಿನ ತಂಬಿಗೆಯೊಳಗೆ ಇಳಿಸಿ ಬದುವಿನ ಮೇಲಿಟ್ಟರೆ ಹಾಡು ಮೂರು ಗದ್ದೆ ದಾಟುತ್ತಿತ್ತು. ಹೊರಗೆ ತೆಗೆದಿಟ್ಟರೆ ಕೆಂಪು ಬಟನ್ ಒತ್ತಲು ಕೈ ತೊಳೆಯಬೇಕಾಗಿರಲಿಲ್ಲ. ಮೊಣಕೈ ಸಾಕು. ಜೋಯಿಡಾ ಕಡೆಯಿಂದ ಬಂದ ಒಬ್ಬ ಸೊಸೆ ಹಿಮ್ಮಡಿಯಲ್ಲೇ ಒತ್ತಿ ತನಗೆ ಬೇಕಾದ ಕೊಂಕಣಿ ಹಾಡು ಹುಡುಕುತ್ತಿದ್ದಳು.

ಒಂದು ಮಾತು ನಾನು ಯೋಚಿಸಿರಲಿಲ್ಲ. ಅಂಗಡಿಯಲ್ಲಿ ಆ ಕಾರ್ಡಿಗೆ ಕೈಗೆ ಸಿಕ್ಕ ಹಾಡೆಲ್ಲ ತುಂಬಿದ್ದೆ. ಮದುವೆಯ ಕುಣಿತದ ಹಾಡು ಬಂದರೆ ಕೈಗಳು ಓಡುತ್ತಿದ್ದವು, ಬೇರು ಊರದ ಸಸಿಗಳು ಹಿಂದೆ ತೇಲುತ್ತಿದ್ದವು. ವಿರಹದ ಹಾಡು ಬಂದರೆ ಎಲ್ಲರ ಕೈ ನಿಂತು, ಒಬ್ಬಳಂತೂ ಕೆಸರುಗೈಯಲ್ಲೇ ಕಣ್ಣೊರೆಸಿಕೊಂಡು ಆಮೇಲೆ ನಿಜವಾಗಿಯೂ ಅತ್ತಳು. ರೇಡಿಯೋ ಹಚ್ಚಿದರೆ ಜಾಹೀರಾತು ಮುಗಿಯುವ ತನಕ ಸಾಲಿಗೆ ಸಾಲೇ ಬಗ್ಗಿಕೊಂಡು ಕಾಯುತ್ತಿತ್ತು. ಸಂಜೆ ನೋಡಿದರೆ ಗದ್ದೆಯ ಸಾಲುಗಳು ದಾಂಡೇಲಿಯ ಘಾಟಿನ ರಸ್ತೆಯ ಹಾಗೆ ತಿರುಗಿದ್ದವು. ಆದರೂ ಸಾವಕಾರರು ಆ ಫೋನಿನ ಪರಮಭಕ್ತರಾದರು. ಫೋನು ಛತ್ರಿಯ ಸುದ್ದಿ ಎತ್ತುತ್ತಿರಲಿಲ್ಲವಲ್ಲ. ಎರಡು ಹೊತ್ತೂ ಬಂದು, ಬದುವಿನ ಮೇಲೆ ನಿರ್ಭಯವಾಗಿ ನಿಂತು, ಏನು ದನಿ, ಏನು ದನಿ ಎಂದು ತಂಬಿಗೆಯನ್ನು ಹೊಗಳಿ ಹೋಗುತ್ತಿದ್ದರು.

ದೊಡ್ಡವ್ವ ಮೂಲೆ ಬಿಡಲಿಲ್ಲ. ಆದರೆ ಬಾಯಿ ಮುಚ್ಚಿದಳು. ಫೋನು ಹಾಡುವಾಗ ಆಕೆಯ ತುಟಿ ತನ್ನ ಹಾಡಿನ ಲೆಕ್ಕಕ್ಕೆ ಅಲುಗುತ್ತಿದ್ದದ್ದು, ಆಕೆಯ ಸಸಿಗಳು ಮಾತ್ರ ನೆಟ್ಟಗೆ ನಿಂತದ್ದು ನನಗೆ ಕಾಣುತ್ತಿತ್ತು. ನನಗೆ ಸಂಕಟವಾಯಿತು. ಅವತ್ತೇ ಹೇಳಿಬಿಡಬೇಕಿತ್ತು. ಇನ್ನು ನಾಲ್ಕು ದಿನ ತಡೆದರೆ ಎಷ್ಟು ಮಜಾ ಬರುತ್ತದೆ ಎಂಬ ದುರಾಸೆಗೆ ಸುಮ್ಮನಾದೆ.

ಅದೇ ಮೂರನೆಯ ದಿನ ಬುತ್ತಿ ಉಂಡ ಮೇಲೆ ದೊಡ್ಡವ್ವ ನನ್ನ ಪಕ್ಕ ಬಂದು ಕೂತು, ಏನೂ ತಿಳಿಯದವರ ಮುಖ ಮಾಡಿಕೊಂಡು ಫೋನು ಕೈಗೆತ್ತಿಕೊಂಡಳು. ಈ ವೈರು ಯಾಕೆ, ಈ ತೂತು ಯಾಕೆ, ಹಾಡೆಲ್ಲ ಎಲ್ಲಿ ಕೂತಿರುತ್ತವೆ ಎಂದು ಕೇಳಿದಳು. ನನ್ನ ಸಂಕಟವೆಲ್ಲ ಹಾರಿಹೋಯಿತು, ಗಿರಾಕಿ ಸಿಕ್ಕಿದ ಖುಷಿ ಹತ್ತಿತು. ವೈರು ಕಿತ್ತರೆ ರೇಡಿಯೋ ಸಾಯುತ್ತದೆ ಎಂದೆ. ದನಿ ಈ ತೂತುಗಳಿಂದ ಬರುತ್ತದೆ, ಒಳಗೆ ಕಸ ಹೋದರೆ ಮುಗಿಯಿತು ಎಂದೆ. ಕೆಂಪು ಬಟನ್ ಒಮ್ಮೆ ಒತ್ತಿದರೆ ಏನು, ಒತ್ತಿ ಹಿಡಿದರೆ ಏನು ಎಂದು ಮಾಡಿ ತೋರಿಸಿದೆ. ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿ ಎತ್ತಿ, ಉಗುರಿನಷ್ಟು ಕರಿ ಕಾರ್ಡು ತೋರಿಸಿ, ಹಾಡೆಲ್ಲ ಇದರಲ್ಲೇ, ಇದು ಹೋದರೆ ಫೋನು ಮೂಕ ಎಂದೆ. ಕಳ್ಳನ ಕೈಗೆ ಕೀಲಿ ಕೊಟ್ಟದ್ದಲ್ಲದೆ, ತಿಜೋರಿ ಯಾವ ಮೂಲೆಯಲ್ಲಿದೆ ಎಂದೂ ಹೇಳಿದ ಹಾಗಾಯಿತು.

"ಭಾಳ ಶಾಣ್ಯಾ ಫೋನು," ಎಂದಳು ದೊಡ್ಡವ್ವ. "ನೀನೂ ಭಾಳ ಶಾಣ್ಯಾಕಿ."

ಮರುದಿನ ಇಯರ್‌ಫೋನಿನ ವೈರು ಕಾಣೆ. ಹರಿಯುವ ನೀರಿಗೆ ಬಿದ್ದಿರಬೇಕೆಂದು ಇನ್ನೊಂದು ತಂದೆ. ಅದರ ಮರುದಿನ ಹಾಡು ನೆಗಡಿ ಹಿಡಿದವರ ಹಾಗೆ ಬರತೊಡಗಿತು. ಅಂಗಡಿಗೆ ಒಯ್ದು ಸೂಜಿಯಿಂದ ಸ್ಪೀಕರಿನ ತೂತು ಕೆದಕಿದೆ, ಬೆಳ್ಳಗೆ ಏನೋ ಉದುರಿತು. ತಂಪಿಗೆ ಬೂಸ್ಟು ಬಂದಿದೆ, ಮಾಡಿದವರಿಗೆ ನಮ್ಮ ಮಳೆಯ ಅಂದಾಜಿಲ್ಲ ಎಂದು ಮಾಲೀಕರ ಮುಂದೆ ಅರ್ಧ ತಾಸು ಭಾಷಣ ಮಾಡಿದೆ. ಎಲೆಗೆ ಹಚ್ಚುವ ಸುಣ್ಣದ ಗುರುತು ಹಿಡಿಯದಷ್ಟು ನಾನು ಶಾಣ್ಯಾಕಿಯಾಗಿದ್ದೆ.

ಅದರಾಚೆಯ ದಿನ ಕೆಂಪು ಬಟನ್ ಒತ್ತಿದರೆ ಫೋನು ಉಸಿರೆತ್ತಲಿಲ್ಲ. ಮುಚ್ಚಳ ತೆಗೆದು ನೋಡಿದರೆ ಕಾರ್ಡಿನ ಜಾಗ ಖಾಲಿ. ಬದುವೆಲ್ಲ ತಡಕಿದೆ, ತಂಬಿಗೆ ಬೋರಲು ಹಾಕಿದೆ, ಎಲ್ಲರ ಬುತ್ತಿಗಂಟು ಬಿಚ್ಚಿಸಿದೆ. ಗುಂಪೇ ಹುಡುಕಿತು. ಸಾವಕಾರರು ಛತ್ರಿಯ ತುದಿಯಿಂದ ಹುಲ್ಲು ಸರಿಸಿ ಹುಡುಕಿದರು. ಎಲ್ಲರಿಗಿಂತ ಹೆಚ್ಚು ಶ್ರದ್ಧೆಯಿಂದ ಹುಡುಕಿದವಳು ದೊಡ್ಡವ್ವ. ಉಗುರಿನಷ್ಟು ತುಂಡಿಗೆ ಇಷ್ಟು ಯಾಕೆ ಒದ್ದಾಡುತ್ತೀ, ನಿಮ್ಮ ಅಂಗಡಿಯಲ್ಲಿ ಅಂಥವು ಬೇಕಾದಷ್ಟು ಇದ್ದಾವಲ್ಲ ಎಂದು ನನ್ನನ್ನೇ ಸಮಾಧಾನ ಮಾಡಿದಳು. ಆಗಲೂ ನಾನು ನಿಜ ಹೇಳಲಿಲ್ಲ. ಸಿಕ್ಕರೆ ಮಜಾ ಉಳಿಯಲಿ ಎಂದು.

ಈಗ ಆಕೆಯ ಚಂಚಿಯ ಮಾತು ಹೇಳಬೇಕು. ಎಷ್ಟೋ ಫೋನು ಬಿಚ್ಚಿ ನೋಡಿದ್ದೇನೆ, ಅಷ್ಟು ಚೆನ್ನಾಗಿ ಯೋಚಿಸಿ ಮಾಡಿದ ವಸ್ತು ನೋಡಿಲ್ಲ. ಹಳೆಯ ಕುಬಸದ ಬಟ್ಟೆಯಲ್ಲಿ ಆಕೆಯೇ ಹೊಲಿದದ್ದು. ಒಂದು ಕಿಸೆಯಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ಮೂಲೆಯ ಚಿಕ್ಕ ಕಿಸೆಯಲ್ಲಿ ಎಲೆಗೆ ಹಾಕುವ ಕಾಚಿನ ಉಗುರಗಲದ ಕರಿ ತುಂಡು, ಹಿಂದೆ ತಂಬಾಕು. ಆಕೆ ಎಲೆ ಹಾಕುವಾಗ ಚಂಚಿಯ ಕಡೆ ನೋಡುವುದಿಲ್ಲ. ಕಣ್ಣು ಗದ್ದೆಯ ಮೇಲೆ, ಬಾಯಿ ಯಾರದೋ ಸುದ್ದಿಯ ಮೇಲೆ, ಬೆರಳು ತಮ್ಮ ಪಾಡಿಗೆ ಕಿಸೆ ಹುಡುಕುತ್ತವೆ. ಕೆಂಪು ಬಟನ್ನಿಗಿಂತ ಮುಂದಿನ ಕೆಲಸ. ಆದರೆ ಇಂಥ ವಸ್ತುವಿನಲ್ಲಿ ಒಂದೇ ಅಪಾಯ, ಯಾವ ಕಿಸೆಯಲ್ಲೂ ಇರಬಾರದ್ದು ಇರಬಾರದು.

ಅವತ್ತು ಮಧ್ಯಾಹ್ನ ಬುತ್ತಿಯಾದ ಮೇಲೆ ಎಲ್ಲರೂ ಬದುವಿನ ಮೇಲೆ ಕೂತಿದ್ದೆವು. ಸಾವಕಾರರೂ ಅಲ್ಲೇ ನಿಂತಿದ್ದರು. ಸೋನೆ ಮಳೆ. ದೊಡ್ಡವ್ವ ಮಳೆಗೆ ಹೊದ್ದ ಪ್ಲಾಸ್ಟಿಕ್ ಕೊಪ್ಪೆಯೊಳಗೆ ಚಂಚಿ ಬಿಚ್ಚಿ, ಎದುರಿನ ಗದ್ದೆ ನೋಡುತ್ತ, ಎಲೆಗೆ ಸುಣ್ಣ ತೀಡಿ, ಅಡಿಕೆ ಹಾಕಿ, ಕಾಚು ಇಟ್ಟು, ಮಡಿಚಿ ಬಾಯಿಗಿಟ್ಟಳು. ಎರಡು ಸಲ ಅಗಿದಳು. ಕಟಕ್ ಎಂಬ ಸದ್ದು ಬಂತು. ಅಡಿಕೆಯ ಸದ್ದಲ್ಲ ಅದು. ಅಗಿಯುವುದನ್ನು ನಿಲ್ಲಿಸಿ, ಮುಖ ಅಲ್ಲಾಡಿಸದೆ, ಕಣ್ಣಷ್ಟೇ ನನ್ನ ಕಡೆ ತಿರುಗಿಸಿದಳು. ಆಮೇಲೆ ಅಂಗೈಗೆ ಉಗುಳಿದಳು. ಕೆಂಪು ರಸದ ನಡುವೆ ಎರಡು ಕರಿ ಚೂರು, ಒಂದರ ಬೆನ್ನಿಗೆ ಸಾಲಾಗಿ ಹಿತ್ತಾಳೆ ಬಣ್ಣದ ಗೆರೆ. ಪಕ್ಕದಲ್ಲಿ ಆಕೆಯ ಹಲ್ಲಿನ ಚೂರು.

"ಅದು ಕಾಚು ಅಲ್ಲ ದೊಡ್ಡವ್ವಾ," ಎಂದೆ.

"ಗೊತ್ತಾತು," ಎಂದಳು.

ಗುಂಪು ಬಿದ್ದು ಬಿದ್ದು ನಕ್ಕಿತು. ಜೋಯಿಡಾದ ಸೊಸೆ ನಗುತ್ತ ನಗುತ್ತ ಬದುವಿನಿಂದ ಜಾರಿ ಕೆಸರಿಗೆ ಬಿದ್ದಳು. ದೊಡ್ಡವ್ವನೂ ನಗಲು ಶುರು ಮಾಡಿದ್ದಳು. ನಾನು ಅತ್ತೆ. ನಾಚಿಕೆ ಬಿಟ್ಟು, ಮೂಗು ಸುರಿಸಿಕೊಂಡು ಅತ್ತೆ. ಅಳುತ್ತಲೇ ಎಲ್ಲ ಹೇಳಿದೆ: ಉಡಿಯ ಫೋನು, ನಕ್ಷತ್ರದ ಬಟನ್, ಕೊನೆಯ ದಿನದ ಯೋಚನೆ.

ದೊಡ್ಡವ್ವ ಅಂಗೈಯಲ್ಲಿದ್ದ ಚೂರುಗಳನ್ನು ಬೆರಳಿಂದ ಸರಿಸಿದಳು. "ನನ್ನ ದನಿ ಇತ್ತ ಇದರಾಗ?"

"ಎರಡು ಮುಂಜಾನಿದು. ಇದ್ದದ್ದು ಅದೊಂದ."

ಆಕೆ ಕರಿ ಚೂರುಗಳನ್ನು ಒಂದೊಂದಾಗಿ ಕೊಪ್ಪೆಯ ಅಂಚಿಗೆ ಒರೆಸಿ, ಚಂಚಿಯ ಅದೇ ಚಿಕ್ಕ ಕಿಸೆಗೆ ಹಾಕಿಕೊಂಡಳು. "ಊರಿಗೆಲ್ಲ ಹೇಳ್ತಿ," ಎಂದಳು. "ನನಗೊಂದ ಮಾತು ಹೇಳಾಕ ಏನಾಗಿತ್ತು ನಿನಗ?"

ಆಮೇಲೆ ಸಾಲು ಮತ್ತೆ ಬಗ್ಗಿತು. ಫೋನು ಮೂಕವಾದದ್ದಕ್ಕೆ ಎಲ್ಲರೂ ಮೂಲೆಯ ಕಡೆ ನೋಡಿದರು. ದೊಡ್ಡವ್ವ ಗಂಟಲು ಸರಿಮಾಡಿಕೊಂಡು ಎತ್ತಿದಳು. ಬಾಯಿ ಮುಚ್ಚಿದ್ದ ದಿನಗಳಲ್ಲಿ ಆ ಒಂದು ತಾಸಿನ ದನಿಯೂ ಹೋಗಿತ್ತು. ಮೊದಲ ಸಾಲು ಹೊಟ್ಟಿನ ಹಾಗೆ ಬಂತು. ಎರಡನೆಯ ಸಾಲಿಗೆ ಬರೀ ಗಾಳಿ. ಮೂರನೆಯದು ಬರಲೇ ಇಲ್ಲ. ಹನ್ನೆರಡು ಬೆನ್ನು ಬಗ್ಗಿಕೊಂಡು ಕಾಯುತ್ತಿದ್ದವು, ಯಾರೂ ತಲೆ ಎತ್ತಲಿಲ್ಲ. ಸಾವಕಾರರು ಬದುವಿನ ಮೇಲೆ ನಿರಾಳವಾಗಿ ಛತ್ರಿ ಬಿಚ್ಚಿದರು. ದೊಡ್ಡವ್ವ ಅದನ್ನು ನೋಡಿದಳು. ನೋಡಿ, ಬದುವಿನ ಮೇಲೆ ಸತ್ತ ಫೋನು ಹಿಡಿದು ನಿಂತಿದ್ದ ನನ್ನ ಕೈಹಿಡಿದು ಎಳೆದಳು. ಚಪ್ಪಲಿಯ ಸಮೇತ ಕೆಸರಿಗಿಳಿದೆ.

ನನಗೆ ಹಾಡಲು ಬರುವುದಿಲ್ಲ ದೊಡ್ಡವ್ವಾ, ಕಾಗೆಯ ಹಾಗೆ ಆಗುತ್ತದೆ ಎಂದೆ. ಆಕೆ ಕಿವಿಯ ಹತ್ತಿರ ಬಾಯಿ ತಂದಳು.

"ನೀ ಹಾಡಬ್ಯಾಡ. ಒದರು. ಹಾಡು ನಂದು."

ಪಿಸುಮಾತಿನಲ್ಲಿ ಒಂದು ಸಾಲು ಹೇಳಿ, ಪಕ್ಕೆಲುಬಿನ ಕೆಳಗೆ, ಎಡಗಡೆ, ಹೆಬ್ಬೆರಳಿನಿಂದ ಒತ್ತಿ ಚಿವುಟಿದಳು. ನಾನು ನೋವಿಗೆ ಒದರಿದ್ದೋ ಹಾಡಿದ್ದೋ ನನಗೇ ತಿಳಿಯದು. ಬದುವಿನ ಮ್ಯಾಲೆ ನಿಂತಾನ, ಛತ್ರಿ ಹಿಡಿದಾನ ಎಂಬುದು ಮೂರು ಗದ್ದೆ ದಾಟಿತು. ಹನ್ನೆರಡು ಜನ ಅದನ್ನು ತಿರುಗಿ ಎತ್ತಿದರು, ಹನ್ನೆರಡು ಸಸಿ ಕೆಸರಿಗೆ ಊರಿದವು. ಒಮ್ಮೆ ಚಿವುಟಿದರೆ ಮುಂದಿನ ಸಾಲು. ಚಿವುಟಿ ಹಿಡಿದರೆ ಅದೇ ಸಾಲು ಮೊದಲಿನಿಂದ. ನಾನೇ ಕಲಿಸಿದ ಪಾಠ, ಒಂದಕ್ಷರ ಮರೆತಿರಲಿಲ್ಲ ಮಹಾತಾಯಿ. ಸಾವಕಾರರು ಛತ್ರಿ ಮಡಚಿದರು.

ಕೊನೆಯ ದಿನದ ದೊಡ್ಡ ಗದ್ದೆಯಲ್ಲಿ ಆಕೆ ಹೊಸದೊಂದು ಕಟ್ಟಿದಳು, ಕಿವಿಯಲ್ಲಿ ಹೇಳಿ ಚಿವುಟಿದಳು. ಅರ್ಥವಾಗುವ ಮೊದಲೇ ನಾನು ಒದರಿಬಿಟ್ಟಿದ್ದೆ.

ಪ್ಯಾಟ್ಯಾಗ ನಿಂತಾಕಿ ಎಲ್ಲಾ ಹೇಳತಾಳ
ಮನಿಯಾಕಿಗೊಂದ ಮುಚ್ಚತಾಳ

ಹೊಸ ಕಾರ್ಡು ತರುತ್ತೇನೆ, ಹೇಗೂ ಪಿಸುಮಾತಾದರೂ ಇದೆ, ಮತ್ತೊಮ್ಮೆ ರೆಕಾರ್ಡ್ ಮಾಡೋಣ ಎಂದು ಎಷ್ಟೋ ಸಲ ಕೇಳಿದೆ. ಒಂದು ಸಲ ತಿಂದಿದ್ದೇನೆ, ಜೀರ್ಣವಾಗಿಲ್ಲ ಎನ್ನುತ್ತಾಳೆ. ತಂಬಾಕು ಬಿಟ್ಟಳು, ಎಲೆ ಅಡಿಕೆ ಬಿಡಲಿಲ್ಲ. ಪ್ರತಿ ವರ್ಷ ನಾಟಿಯ ವಾರ ನಾನು ಅಂಗಡಿಗೆ ರಜೆ ಹಾಕುತ್ತೇನೆ, ಎಡ ಪಕ್ಕೆಯಲ್ಲಿ ಒಂದು ನೀಲಿ ಗುರುತು ಹೊತ್ತು ತಿರುಗಿ ಬರುತ್ತೇನೆ. ಅತ್ತೆಯ ಕಾಲದ ಹಾಡುಗಳಲ್ಲಿ ಅರ್ಧದಷ್ಟು ಹೀಗೇ ನನ್ನೊಳಗೆ ಇಳಿದಿವೆ, ಉಳಿದರ್ಧ ಇನ್ನೂ ಆಕೆಯ ಹತ್ತಿರವೇ ಇದೆ.

ಈ ವರ್ಷ ಆಕೆಯ ಮೊಣಕಾಲು ಕೆಸರಿಗೆ ಒಪ್ಪಲಿಲ್ಲ. ಬದುವಿನ ಮೇಲೆ ಕೊಪ್ಪೆ ಹೊದ್ದು ಕೂತಳು. ಮೂಲೆಯಲ್ಲಿ ನಾನೊಬ್ಬಳೇ ನಿಂತೆ, ಗೊತ್ತಿದ್ದ ಹಾಡು ಎತ್ತಿದೆ. ಒಂದು ಸಾಲು ಮುಗಿಯಿತು, ಗುಂಪು ತಿರುಗಿ ಹಾಡಿತು, ಸಸಿ ಊರಿತು. ಮುಂದಿನ ಸಾಲು ನನಗೆ ಚೆನ್ನಾಗಿ ಗೊತ್ತು. ಆದರೂ ನಿಂತುಬಿಟ್ಟೆ. ಎಡ ಪಕ್ಕೆ ಚಿವುಟಿಗಾಗಿ ಕಾಯುತ್ತಿತ್ತು. ಹನ್ನೆರಡು ಜನ ಬಗ್ಗಿಕೊಂಡು ನನ್ನನ್ನು ಕಾಯುತ್ತಿದ್ದರು.

ಅಷ್ಟರಲ್ಲಿ ಬದುವಿನ ಕಡೆಯಿಂದ ಒಂದು ಕೆಸರಿನ ಮುದ್ದೆ ಬಂದು ನನ್ನ ಎಡ ಪಕ್ಕೆಗೆ ಸರಿಯಾಗಿ ಬಡಿಯಿತು. ನಾನು ಮುಂದಿನ ಸಾಲು ಒದರಿದೆ.